ಮಬ್ಬಿನೊಳಗೆ ಏನಿದೆ?

(ವಾಚನಾಲಯದ ರವಿವಾರದ ಭಾಷಣಮಾಲೆಯಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣದ ಬರಹರೂಪ)



ದೀಪಾವಳಿ ಮುಗಿದು ಶಿವರಾತ್ರಿ ಬರುವವರೆಗೆ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದು ಚರ್ಚೆ ಪ್ರತಿವರ್ಷವೂ ತಪ್ಪಿದ್ದಲ್ಲ. ವೃತ್ತಪತ್ರಿಕೆಯಲ್ಲಿ ಮುಂಬಯಿಯದೋ ದಿಲ್ಲಿಯದೋ ಒಂದು ಮಸುಕಾದ ಚಿತ್ರ ಬಂದಿರುತ್ತದೆ. ಅದನ್ನು ಕಂಡು ಒಬ್ಬರು, “ಇದು ಚಳಿಗಾಲದ ಮಂಜು, ನಮ್ಮೂರಲ್ಲಿ ಬೀಳುತ್ತಿರಲಿಲ್ಲವೆ?” ಎನ್ನುತ್ತಾರೆ. ಇನ್ನೊಬ್ಬರು, “ಮಂಜೆಲ್ಲಿ ಬಂತು, ಇದು ಮೋಟಾರುಗಳ ಹೊಗೆ” ಎನ್ನುತ್ತಾರೆ. ಮೂರನೆಯವರು, “ಎಲ್ಲೆಲ್ಲೂ ಕಟ್ಟಡ ಕೆಡವಿ ಕಟ್ಟುತ್ತಿದ್ದಾರೆ, ಇದು ಸಿಮೆಂಟಿನ ಧೂಳು” ಎನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯದ ಅಂಶವಿದೆ, ಯಾರ ಮಾತೂ ಪೂರ್ತಿಯಲ್ಲ. ಈ ಜಗಳವನ್ನು ಬಗೆಹರಿಸುವ ಆಸೆಯಿಂದ ನಾವು ಕೆಲವು ತಿಂಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ನಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ದಫ್ತರ ಬರೆಯುವವರು. ಆದುದರಿಂದ ಈ ಮಾತುಗಳು ಪಂಡಿತರ ವ್ಯಾಖ್ಯಾನವಲ್ಲ. ಒಬ್ಬ ಓದುಗ ತಿಳಿದುದನ್ನು ಇನ್ನೊಬ್ಬ ಓದುಗನಿಗೆ ಹೇಳುವ ರೀತಿ, ಅಷ್ಟೆ.

ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ: ಗಾಳಿಯಲ್ಲಿ ತೇಲುವ ಕಣ ಯಾವ ಪದಾರ್ಥದ್ದು ಎಂಬುದರ ಮೇಲೆ ಅದು ಎಷ್ಟು ನೀರು ಹೀರುತ್ತದೆಂಬುದು ನಿಲ್ಲುತ್ತದೆ, ಎಷ್ಟು ನೀರು ಹೀರಿತೆಂಬುದರ ಮೇಲೆ ಅದು ಎಷ್ಟು ಬೆಳಕನ್ನು ಚದುರಿಸುತ್ತದೆಂಬುದು ನಿಲ್ಲುತ್ತದೆ. ಹಾಗಾಗಿ ನಮ್ಮ ಕಿಟಕಿಯಾಚೆ ಕಾಣುವ ಬಿಳಿಪು ಪೂರ್ತಿ ನಿಸರ್ಗದ ಆಟವಲ್ಲ. ಅದರಲ್ಲಿ ನಮ್ಮ ಒಲೆ, ನಮ್ಮ ಗಾಡಿ, ನಮ್ಮ ಕಸದ ಬುಟ್ಟಿಗಳ ಲೆಕ್ಕವೂ ಇದೆ.

ಮೊದಲು ಬೆಳಕಿನ ಮಾತು. ಬೆಳಕು ಪಕ್ಕದಲ್ಲಿ ಹಾದುಹೋದರೆ ನಮಗೆ ಕಾಣುವುದಿಲ್ಲ. ಕಣ್ಣಿಗೆ ಬಂದು ಮುಟ್ಟಿದರೆ ಮಾತ್ರ ಕಾಣುತ್ತದೆ. ಹಂಚಿನ ಮನೆಯ ಬೆಳಕಿಂಡಿಯಿಂದ ಅಡಿಗೆಮನೆಗೆ ಇಳಿಯುವ ಬಿಸಿಲುಕೋಲನ್ನು ನೆನೆದುಕೊಳ್ಳಿರಿ. ಕೋಲು ಕಂಡಿತೆನ್ನುತ್ತೇವೆ, ನಿಜವಾಗಿ ಕಂಡದ್ದು ಅದರಲ್ಲಿ ಆಡುವ ಧೂಳು. ಧೂಳಿನ ಒಂದೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ಸುತ್ತಲೂ ಎರಚುತ್ತದೆ. ಆ ಎರಚಿನ ಒಂದಂಶ ನಮ್ಮ ಕಣ್ಣಿಗೆ ಬೀಳುತ್ತದೆ. ಇದನ್ನೇ ಬೆಳಕಿನ ಚದುರಿಕೆ ಎನ್ನುವುದು.

1870ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಧೂಳು ಮತ್ತು ರೋಗಗಳ ವಿಷಯವಾಗಿ ಒಂದು ಭಾಷಣ ಮಾಡಿ, ತನ್ನ ಪ್ರಯೋಗಗಳನ್ನು ಜನರ ಮುಂದಿಟ್ಟನು. ಕತ್ತಲೆಯ ಕೋಣೆಯಲ್ಲಿ ತೀಕ್ಷ್ಣವಾದ ಬೆಳಕಿನ ಕೋಲನ್ನು ಹಾಯಿಸಿ, ಅದರ ಕೆಳಗೆ ಸ್ಪಿರಿಟ್ ದೀಪವನ್ನು ಹಿಡಿದಾಗ ಕೋಲಿನೊಳಗೆ ಕರಿಯ ಸುರುಳಿಗಳು ಏಳುತ್ತಿದ್ದವು. ನೋಡಿದವರಿಗೆ ಹೊಗೆಯೆಂದೇ ಅನ್ನಿಸಬೇಕು. ಆದರೆ ಹೊಗೆಯನ್ನೇ ಕೊಡದ ಜಲಜನಕದ ಉರಿಯನ್ನು ಹಿಡಿದರೂ ಅದೇ ಕರಿಯ ಸುರುಳಿ. ಅದು ಹೊಗೆಯಲ್ಲ, ಶುದ್ಧ ಗಾಳಿ! ಉರಿಯ ಕಾವಿಗೆ ಧೂಳೆಲ್ಲ ಸುಟ್ಟುಹೋಗಿ, ಬೆಳಕನ್ನು ಚದುರಿಸುವುದಕ್ಕೆ ಏನೂ ಉಳಿಯದೆ ಅಷ್ಟು ಭಾಗ ಕಪ್ಪಾಗಿ ತೋರುತ್ತಿತ್ತು. ಕೋಣೆಯ ಧೂಳಿನ ಬಹುಭಾಗ ಸುಡುವಂಥ ಪದಾರ್ಥ, ಎಂದರೆ ಜೀವಮೂಲದ್ದು, ಎಂದು ಟಿಂಡಲ್ ಇದರಿಂದ ತಿಳಿದನು. ಕಣ ಯಾವುದರಿಂದಾಗಿದೆ ಎಂಬುದಕ್ಕೆ ಬೆಳಕೇ ಸಾಕ್ಷಿ ನುಡಿಯಿತು.

ಇನ್ನು ಬಣ್ಣದ ಮಾತು. 1871ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ವಿಜ್ಞಾನಿ (ಮುಂದೆ ಲಾರ್ಡ್ ರೇಲೀ ಎಂದು ಹೆಸರಾದವನು) ಒಂದು ಲೆಕ್ಕ ಕಟ್ಟಿದನು. ಬೆಳಕಿನ ಅಲೆಗಿಂತ ತೀರ ಚಿಕ್ಕದಾದ ಕಣಗಳು ಕೆಂಪು ಬೆಳಕಿಗಿಂತ ನೀಲಿಯನ್ನು ಬಹಳ ಹೆಚ್ಚಾಗಿ ಚದುರಿಸುತ್ತವೆ, ಸುಮಾರು ಆರು ಪಟ್ಟು. ಗಾಳಿಯ ಅಣುಗಳು ಅಷ್ಟು ಚಿಕ್ಕವು. ಆದುದರಿಂದಲೇ ಬಾನು ನೀಲಿ. ಸಮುದ್ರದ ನೀಲಿ ಬಾನಿನ ಪ್ರತಿಬಿಂಬವೆಂದು ಆಗ ನಂಬಿದ್ದರು. 1921ರಲ್ಲಿ ಸಿ. ವಿ. ರಾಮನ್ನರು ವಿಲಾಯತಿಯಿಂದ ‘ನರ್ಕುಂಡಾ’ ಹಡಗಿನಲ್ಲಿ ಮರಳುವಾಗ ಅದನ್ನು ಪರೀಕ್ಷಿಸಿ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಕಂಡುಕೊಂಡರು. ಆ ಬರಹವನ್ನು ‘ನೇಚರ್’ ಪತ್ರಿಕೆಗೆ ಅವರು ಕಳುಹಿಸಿದ್ದು ನಮ್ಮ ಈ ಮುಂಬಯಿ ಬಂದರದಿಂದ. ಬೆಳಕಿನ ಚದುರಿಕೆಯ ಶೋಧಕ್ಕಾಗಿಯೇ 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು; 1933ರಿಂದ 1970ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರೇ ಅವರ ಕಾರ್ಯಕ್ಷೇತ್ರವಾಯಿತು. ನಮ್ಮ ಎರಡು ಊರುಗಳಿಗೂ ಈ ವಿಷಯದ ನಂಟು ಹಳೆಯದೆಂದು ತೋರಿಸುವುದಕ್ಕೆ ಇಷ್ಟು ಹೇಳಿದೆವು.

ಹಾಗಾದರೆ ಚಳಿಗಾಲದ ಬಾನು ನೀಲಿಯಿರದೆ ಹಾಲಿಗೆ ನೀರು ಬೆರೆಸಿದಂತೆ ಬೆಳ್ಳಗಿರುವುದೇಕೆ? ಉತ್ತರ ಒಂದು ಬೀಡಿಯಲ್ಲಿ ಸಿಕ್ಕುತ್ತದೆ. ಸೇದುವ ಅಭ್ಯಾಸ ಒಳ್ಳೆಯದೆಂದು ಇದರ ಅರ್ಥವಲ್ಲ. ಸೇದುವವರು ದೂರದಲ್ಲಿದ್ದರೆ ನೋಡಿ ಕಲಿಯಬಹುದು. ಬೀಡಿಯ ಉರಿಯುವ ತುದಿಯಿಂದ ಏಳುವ ಹೊಗೆ ನಸುನೀಲಿ. ಅದೇ ಬೀಡಿಯ ಹೊಗೆ ಬಾಯಿಂದ ಹೊರಗೆ ಬಂದಾಗ ಬಿಳಿ. ಪದಾರ್ಥ ಒಂದೇ, ನಡುವೆ ಆದದ್ದೇನು? ಬಾಯಿ ಮತ್ತು ಎದೆಗೂಡಿನ ತೇವವನ್ನು ಹೀರಿ ಕಣಗಳು ದಪ್ಪಗಾದವು. ಕಣದ ಗಾತ್ರ ಬೆಳಕಿನ ಅಲೆಯಷ್ಟಕ್ಕೆ ಬೆಳೆದು ದಾಟಿತೆಂದರೆ ಅದು ನೀಲಿ, ಕೆಂಪು ಎಂದು ಪಂಕ್ತಿಭೇದ ಮಾಡುವುದಿಲ್ಲ. ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತದೆ. ಎಲ್ಲ ಬಣ್ಣ ಕೂಡಿದರೆ ಬಿಳಿ. ಈ ಗಾತ್ರದ ಕಣಗಳ ಲೆಕ್ಕವನ್ನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಎಂಬವರು ಬಿಡಿಸಿದರು. ಇಂದಿಗೂ ವಿಜ್ಞಾನಿಗಳು ಬಳಸುವುದು ಅದೇ ಲೆಕ್ಕವನ್ನು.

ಗಾತ್ರವೆಂದರೆ ಎಷ್ಟು? ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು ಐವತ್ತರಿಂದ ಎಪ್ಪತ್ತು ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಮೈಕ್ರಾನಿನ ಹತ್ತರಲ್ಲಿ ನಾಲ್ಕರಿಂದ ಏಳು ಪಾಲು. ಈಗ ಧೂಳಿನ ವಾದಿಗಳಿಗೆ ಒಂದು ಮಾತು. ಹತ್ತು ಮೈಕ್ರಾನಿನ ಒಂದು ಧೂಳಿನ ಕಣವನ್ನು ಅರ್ಧ ಮೈಕ್ರಾನಿನ ಚೂರುಗಳನ್ನಾಗಿ ಮಾಡಿದಿರೆನ್ನಿ. ಎಂಟು ಸಾವಿರ ಚೂರುಗಳಾಗುತ್ತವೆ. ತೂಕ ಅಷ್ಟೇ, ಆದರೆ ಬೆಳಕಿಗೆ ಅಡ್ಡ ನಿಲ್ಲುವ ಹರವು ಇಪ್ಪತ್ತು ಪಟ್ಟಾಯಿತು. ಮೇಲಾಗಿ ಹತ್ತು ಮೈಕ್ರಾನಿನ ಕಣ ನಾಲ್ಕಂತಸ್ತಿನ ಎತ್ತರದಿಂದ ನಿಂತ ಗಾಳಿಯಲ್ಲಿ ಸುಮಾರು ಒಂದು ಗಂಟೆಯಲ್ಲಿ ನೆಲ ಸೇರುತ್ತದೆ. ಅರ್ಧ ಮೈಕ್ರಾನಿನದು ಹಾಗೆ ಇಳಿಯುವುದಕ್ಕೆ ಎರಡು ವಾರ ಬೇಕು. ಅಷ್ಟರಲ್ಲಿ ಗಾಳಿ ಅದನ್ನು ಎಲ್ಲಿಗೋ ಒಯ್ದಿರುತ್ತದೆ. ಕಟ್ಟಡದ ಧೂಳು ಕಿಟಕಿಯ ಕಟ್ಟೆಯ ಮೇಲೆ ಬಂದು ಕೂಡುತ್ತದೆ, ಮೂಗು ಗಂಟಲು ಕೆರೆಯುತ್ತದೆ; ಅದೂ ತಡೆಯಬೇಕಾದದ್ದೇ. ಆದರೆ ದೂರದ ಗುಡ್ಡವನ್ನು ನುಂಗುವುದು ಹೆಚ್ಚಾಗಿ ಕಟ್ಟೆಯ ಮೇಲೆ ಬೀಳದ ನುಣುಪು ಕಣ.

ಗುಡ್ಡ ಮಾಯವಾಗುವ ಬಗೆಯೂ ತಿಳಿಯತಕ್ಕದ್ದು. ಗುಡ್ಡದಿಂದ ಹೊರಟ ಬೆಳಕನ್ನು ನಡುವಿನ ಕಣಗಳು ಅತ್ತಿತ್ತ ಎರಚಿ ಕಡಿಮೆ ಮಾಡುತ್ತವೆ, ಇದು ಒಂದು. ಸೂರ್ಯನ ಬೆಳಕನ್ನು ನಡುವೆಯೇ ಚದುರಿಸಿ ನಮ್ಮ ಕಣ್ಣಿಗೆ ತಂದು ಸುರಿಯುತ್ತವೆ, ಇದು ಎರಡು. ಮುಂದೆ ಬಿಳಿಯ ಪರದೆ ಇಳಿಬಿಟ್ಟಂತಾಗಿ ಹಿಂದಿನ ಗುಡ್ಡ ಅದರಲ್ಲಿ ಕರಗುತ್ತದೆ.

ಇನ್ನು ಈ ನುಣುಪು ಕಣ ಯಾವ ಪದಾರ್ಥ? ಇಲ್ಲಿ ಹೊಗೆಯ ವಾದಿಗಳಿಗೂ ಒಂದು ಆಶ್ಚರ್ಯ ಕಾದಿದೆ. ಇದರಲ್ಲಿ ಬಹುಪಾಲು ಹೊಗೆಯ ಕೊಳವೆಯಿಂದ ಕಣವಾಗಿ ಹೊರಗೆ ಬಂದದ್ದಲ್ಲ. ಅನಿಲವಾಗಿ ಬಂದು ಗಾಳಿಯಲ್ಲೇ ಕಣವಾಗಿ ಹುಟ್ಟಿದ್ದು. ಇದಕ್ಕೆ ನಮ್ಮ ಅಂಗಳದ ದೃಷ್ಟಾಂತವೇ ಇದೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಇಲ್ಲಿನ ಹಿರಿಯರೆಲ್ಲ ನೋಡಿದ್ದೀರಿ. ಕಾದ ಪಾತ್ರೆಯೊಳಗೆ ತವರ ಮುಟ್ಟಿಸಿ, ನವಸಾಗರದ ಪುಡಿಯನ್ನು ಹತ್ತಿಯಿಂದ ತಿಕ್ಕುತ್ತಲೇ ಭುಗ್ಗೆಂದು ದಟ್ಟನೆಯ ಬಿಳಿಯ ಹೊಗೆ ಏಳುತ್ತದೆ. ಅಲ್ಲಿ ಸುಟ್ಟದ್ದು ಏನೂ ಇಲ್ಲ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡು. ಅದು ಕಾವಿಗೆ ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಎರಡೂ ಕಣ್ಣಿಗೆ ಕಾಣವು. ಮೇಲೆದ್ದು ತಂಪುಗಾಳಿ ತಗಲಿದೊಡನೆ ಅವು ಮತ್ತೆ ಕೂಡಿ ನವಸಾಗರದ ಅತಿ ಸೂಕ್ಷ್ಮ ಕಣಗಳಾಗುತ್ತವೆ. ನಾವು ಕಂಡ ಬಿಳಿಯ ಹೊಗೆ ಆ ಕಣಗಳು ಚದುರಿಸಿದ ಬೆಳಕು.

ಊರಿನ ಮೇಲೆ ನಡೆಯುವುದೂ ಇಂಥದೇ ಕಲಾಯಿಯ ಕೆಲಸ. ಕಲ್ಲಿದ್ದಲು ಮತ್ತು ಕೊಳೆ ಎಣ್ಣೆಗಳನ್ನು ಉರಿಸಿದಾಗ ಅವುಗಳಲ್ಲಿನ ಗಂಧಕ ಅನಿಲವಾಗಿ ಹೊರಟು, ಗಾಳಿಯಲ್ಲಿ ಗಂಧಕಾಮ್ಲವಾಗುತ್ತದೆ. ಮೋಟಾರು ಮತ್ತು ವಿದ್ಯುತ್ ಸ್ಥಾವರಗಳ ಉರಿಯಲ್ಲಿ ಗಾಳಿಯ ಸಾರಜನಕವೇ ಸುಟ್ಟು ಕೊನೆಗೆ ನೈಟ್ರಿಕ್ ಆಮ್ಲವಾಗುತ್ತದೆ. ಕಸ, ಅದರಲ್ಲೂ ಪ್ಲಾಸ್ಟಿಕ್ ಬೆರೆತ ಕಸ, ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಏಳುತ್ತದೆ. ಇವು ಮೂರೂ ಕಾದು ಕುಳಿತಿರುವುದು ಅಮೋನಿಯಾಕ್ಕೆ. ಅದು ಹೊಲಕ್ಕೆ ಹಾಕಿದ ಯೂರಿಯಾದಿಂದ, ದನಕರುಗಳ ಗಂಜಲ ಗೊಬ್ಬರದಿಂದ ಏಳುತ್ತದೆ. ಆಮ್ಲ ಮತ್ತು ಅಮೋನಿಯಾ ಕೂಡಿದರೆ ಲವಣ: ಅಮೋನಿಯಂ ಸಲ್ಫೇಟು, ಅಮೋನಿಯಂ ನೈಟ್ರೇಟು, ನವಸಾಗರ. ಮೊದಲನೆಯದನ್ನು ರೈತರು ಚೀಲದಲ್ಲಿ ಕೊಂಡು ತಂದು ಗದ್ದೆಗೆ ಹಾಕುತ್ತಾರೆ. ಇಲ್ಲಿ ಅದೇ ಗೊಬ್ಬರ ಯಾರೂ ಬೇಡದೆ ನಮ್ಮ ಎದೆಗೂಡಿಗೆ ಬೀಳುತ್ತಿದೆ. ಇವುಗಳ ಜತೆಗೆ ಕಟ್ಟಿಗೆ, ಕೂಳೆ, ಡೀಸೆಲ್ಲುಗಳ ಜಿಡ್ಡಿನಂಥ ಇಂಗಾಲದ ಸಂಯುಕ್ತಗಳು, ಅಡಿಗೆಮನೆಯ ಮಾಡಿನಲ್ಲಿ ಜೋಲುವ ಇಲ್ಲಣದಂಥ ಕರಿಯ ಮಸಿ, ನೆಲದ ಮಣ್ಣು, ಕಡಲಿನ ಉಪ್ಪು. ಇಷ್ಟು ಕೂಡಿದರೆ ಮಬ್ಬಿನ ಪಟ್ಟಿ ಬಹುಮಟ್ಟಿಗೆ ಪೂರ್ತಿಯಾಯಿತು.

ಈಗ ನೀರಿನ ಮಾತಿಗೆ ಬರೋಣ. ಇಡೀ ವಿಷಯದ ಕೀಲಿ ಇಲ್ಲಿದೆ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರು ಬಿಡುವುದನ್ನು ತಾಯಂದಿರು ಬಲ್ಲರು. ಅದು ಬಿಟ್ಟ ನೀರಲ್ಲ, ಗಾಳಿಯಿಂದ ಹೀರಿದ ನೀರು. ಶುದ್ಧ ಉಪ್ಪು ಗಾಳಿಯ ಆರ್ದ್ರತೆ ನೂರಕ್ಕೆ ಎಪ್ಪತ್ತೈದು ಮುಟ್ಟಿದೊಡನೆ ಕರಗುತ್ತದೆ. ಅಮೋನಿಯಂ ಸಲ್ಫೇಟಿಗೆ ಸುಮಾರು ಎಂಬತ್ತು ಬೇಕು. ನವಸಾಗರ ಇವೆರಡರ ನಡುವೆ. ಆರ್ದ್ರತೆಯನ್ನು ಅಳೆಯುವ ಒಣ ಬುರುಡೆ ಹಸಿ ಬುರುಡೆಯ ಉಷ್ಣಮಾಪಕಗಳು ಗಿರಣಿಯವರಾದ ನಮಗೆ ಹೊಸವಲ್ಲ. ನೇಯ್ಗೆಯ ಖಾತೆಯಲ್ಲಿ ಗಾಳಿ ಒಣಗಿದರೆ ನೂಲು ಹರಿಯುತ್ತದೆ. ಅದಕ್ಕಾಗಿ ತೇವ ಕೊಟ್ಟು, ಹೊತ್ತುಹೊತ್ತಿಗೆ ಅಂಕಿ ಬರೆದಿಡುತ್ತಾರೆ. ಹತ್ತಿ ತೇವ ಹೀರಿ ತೂಕ ಏರುವುದನ್ನು ನಾವು ಲೆಕ್ಕದಲ್ಲಿ ಹಿಡಿಯುತ್ತೇವೆ. ಗಾಳಿಯ ಲವಣವೂ ಹಾಗೆಯೇ. ಆರ್ದ್ರತೆ ತೊಂಬತ್ತಕ್ಕೇರಿದರೆ ಅಮೋನಿಯಂ ಸಲ್ಫೇಟಿನ ಕಣ ಅಡ್ಡಳತೆಯಲ್ಲಿ ಸುಮಾರು ಒಂದು ಮುಕ್ಕಾಲು ಪಟ್ಟಾಗುತ್ತದೆ. ಅಡ್ಡಳತೆ ಇಷ್ಟು ಬೆಳೆದರೆ ಹರವು ಮೂರು ಪಟ್ಟು, ಗಾತ್ರ ಐದು ಪಟ್ಟು. ಊರು ಹೊಸದಾಗಿ ಒಂದು ಚಿಟಿಕೆ ಹೊಗೆಯನ್ನೂ ಬಿಡದಿದ್ದರೂ ನಸುಕಿನ ತೇವಕ್ಕೆ ಮಬ್ಬು ದಟ್ಟವಾಗುವುದು ಹೀಗೆ. ಮಣ್ಣಿನ ಕಣ ಇಷ್ಟು ನೀರು ಕುಡಿಯುವುದಿಲ್ಲ. ಮಸಿಯೂ ಹೊಸದಾಗಿದ್ದಾಗ ಕುಡಿಯುವುದಿಲ್ಲ. ಕುಡಿಯುವುದು ಲವಣ.

ಮಂಜಿನ ವಾದಿಗಳಿಗೆ ಸಲ್ಲಬೇಕಾದ ಉತ್ತರ 1880ರಷ್ಟು ಹಳೆಯದು. ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಎರಡು ಗಾಜಿನ ಪಾತ್ರೆಗಳನ್ನು ತೆಗೆದುಕೊಂಡನು. ಒಂದರಲ್ಲಿ ಕೋಣೆಯ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಉಗಿ ಬಿಟ್ಟನು. ಮೊದಲನೆಯದರಲ್ಲಿ ದಟ್ಟ ಮಂಜು ಕವಿಯಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ಕಣವಿಲ್ಲದೆ ಮಂಜಿನ ಹನಿ ಕಟ್ಟುವುದಿಲ್ಲ. ಊರ ಕೆರೆಯ ಮೇಲೆ ಬೀಳುವ ಮಂಜಿಗೂ ನಡುವೆ ಒಂದೊಂದು ಕಣ ಬೇಕೇ ಬೇಕು. ಆದರೆ ಅಲ್ಲಿ ಕಣ ಕಡಿಮೆ, ಹನಿ ದೊಡ್ಡದು, ಬಿಸಿಲೇರಿದೊಡನೆ ಮಾಯ. ಶಹರದಲ್ಲಿ ಅಷ್ಟೇ ನೀರು ಲಕ್ಷೋಪಲಕ್ಷ ಕಣಗಳಿಗೆ ಹಂಚಿಹೋಗುತ್ತದೆ. ಸಣ್ಣ ಸಣ್ಣ ಹನಿಗಳು ಹೆಚ್ಚು ಬೆಳಕು ಚದುರಿಸುತ್ತವೆ, ನೆಲಕ್ಕೆ ಇಳಿಯದೆ ತೇಲುತ್ತವೆ. ಆದುದರಿಂದ “ಇದು ಮಂಜು” ಎಂದವರ ಮಾತು ಸುಳ್ಳಲ್ಲ. ಯಾವುದರ ಮೇಲೆ ಕಟ್ಟಿದ ಮಂಜು ಎಂದು ಮುಂದೆ ಕೇಳಬೇಕು.

ದಿಲ್ಲಿಯ ಉದಾಹರಣೆ ಇದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ಗಂಗಾ ಬಯಲು ಜಗತ್ತಿನಲ್ಲೇ ಅಮೋನಿಯಾ ಅತ್ಯಧಿಕವಾಗಿರುವ ಪ್ರದೇಶಗಳಲ್ಲಿ ಒಂದು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ಎಂಬ ತಲೆಕೆಳಗಿನ ಸ್ಥಿತಿ ಉಂಟಾಗುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತೆ ಊರಿನ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. 2021ರಲ್ಲಿ ಮದ್ರಾಸಿನ ಐ.ಐ.ಟಿ.ಯ ನೇತೃತ್ವದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ದಿಲ್ಲಿಯ ಗಾಳಿಯ ಕಣಗಳಲ್ಲಿ ಕ್ಲೋರೈಡು ಅಸಾಧಾರಣವಾಗಿ ಹೆಚ್ಚಿರುವುದನ್ನು ಅವರು ಅಳೆದು ಕಂಡರು. ಅದರ ಮೂಲ ಬಹುಶಃ ಪ್ಲಾಸ್ಟಿಕ್ ಬೆರೆತ ಕಸದ ಉರಿ ಮತ್ತು ಕೆಲವು ಕೈಗಾರಿಕೆಗಳು. ಹೈಡ್ರೋಕ್ಲೋರಿಕ್ ಆಮ್ಲ ಅಮೋನಿಯಾದೊಡನೆ ಕೂಡಿ ಕಣ ಸೇರುತ್ತದೆ, ಕಣ ನೀರು ಹೀರುತ್ತದೆ, ನೀರು ಹೀರಿದ ಕಣ ಇನ್ನಷ್ಟು ಆಮ್ಲವನ್ನು ಒಳಗೆ ಕರೆದುಕೊಳ್ಳುತ್ತದೆ. ದಿಲ್ಲಿಯ ಮಬ್ಬಿನಲ್ಲಿ ನೋಟ ಕುಂದುವುದರ ಸುಮಾರು ಅರ್ಧ ಪಾಲಿಗೆ ಈ ಕ್ಲೋರೈಡೇ ಕಾರಣವೆಂದು ಅವರ ಲೆಕ್ಕ. ಬೀದಿಬದಿಯಲ್ಲಿ ಹೊತ್ತಿಸಿದ ಕಸದ ಗುಪ್ಪೆ, ಚಳಿ ಕಾಯಿಸಲು ಹಾಕಿದ ಹರಕು ಪ್ಲಾಸ್ಟಿಕ್ ಇವು ನೋಡುವುದಕ್ಕೆ ಅಲ್ಪ; ಆದರೆ ಇಡೀ ರಾಜಧಾನಿಯ ಅಂಗಳದಲ್ಲಿ ಕಲಾಯಿಯ ಹೊಗೆ ಎಬ್ಬಿಸುವಷ್ಟು ಬಲವುಳ್ಳವು. ನವಸಾಗರವೂ ಅಮೋನಿಯಂ ನೈಟ್ರೇಟೂ ಕಾವಿಗೆ ಮತ್ತೆ ಅನಿಲವಾಗುವಂಥವು. ಹಾಗಾಗಿ ಅವುಗಳ ಬಲ ರಾತ್ರಿಯಿಂದ ಬೆಳಗಿನ ಜಾವದವರೆಗೆ ಹೆಚ್ಚು, ಬಿಸಿಲೇರಿದಂತೆ ಕಡಿಮೆ.

ನಮ್ಮ ಮುಂಬಯಿ ದಿಲ್ಲಿಯಲ್ಲ. ಇಲ್ಲಿನ ಸೆಕೆಯಲ್ಲಿ ಆ ಎರಡು ಲವಣಗಳು ಕಣವಾಗಿ ನಿಲ್ಲುವುದು ಅಷ್ಟು ಸುಲಭವಲ್ಲ. ಸಲ್ಫೇಟಿಗೆ ಆ ತೊಂದರೆಯಿಲ್ಲ, ಅದು ಆವಿಯಾಗದು. ಕಡಲಗಾಳಿ ನಮಗೆ ಉಪ್ಪನ್ನೂ ತೇವವನ್ನೂ ತರುತ್ತದೆ, ಜತೆಗೆ ಊರಿನ ಹೊಗೆಯನ್ನು ಗುಡಿಸಿಯೂ ಒಯ್ಯುತ್ತದೆ. ಚಳಿಗಾಲದಲ್ಲಿ ಆ ಗಾಳಿ ಸೋತು ನೆಲದ ಗಾಳಿ ಬೀಸಿದಾಗ ಗುಡಿಸುವವರಿಲ್ಲ. 2016ರ ಜನವರಿ ಕೊನೆಯಲ್ಲಿ ದೇವನಾರದ ಕಸದ ಗುಡ್ಡ ಹೊತ್ತಿ ಉರಿದಾಗ ಎದ್ದ ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತ್ತು. ಹೊಗೆ ಕಡಲಿಗೆ ಹೋದರೆ ಮುಗಿಯಿತೆಂದೂ ತಿಳಿಯಬಾರದು. 1999ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಹಡಗು, ವಿಮಾನ ಮತ್ತು ಮಾಲ್ಡೀವ್ಸ್ ದ್ವೀಪಗಳ ಕೇಂದ್ರದಿಂದ ಹಿಂದೂ ಮಹಾಸಾಗರದ ಗಾಳಿಯನ್ನು ಪರೀಕ್ಷಿಸಿದರು. ಉಪಖಂಡದ ಮಬ್ಬು ದಡದಿಂದ ಬಹುದೂರ ಹರಡಿತ್ತು. ಅದರ ಬಣ್ಣ ಹಾಲಿನ ಬಿಳಿಯಲ್ಲ, ಕಂದು. ಕಾರಣ ಅದರಲ್ಲಿ ಬೆರೆತ ಮಸಿ. ಲವಣದ ಕಣ ಬೆಳಕನ್ನು ಚದುರಿಸಿ ಬಿಟ್ಟುಕೊಡುತ್ತದೆ. ಮಸಿ ಬೆಳಕನ್ನು ನುಂಗಿ ಕಾವಾಗಿಸುತ್ತದೆ. ತೂಕದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚಿದ್ದ ಮಸಿಯೇ ಆ ಮಬ್ಬಿನ ಬಣ್ಣವನ್ನು ಬದಲಿಸಿ, ಕಡಲಿನ ಮೇಲೆ ಬೀಳುವ ಬಿಸಿಲನ್ನು ಕುಗ್ಗಿಸಿತ್ತು. ಹೀಗೆ ಕಣದ ಪದಾರ್ಥ ಬದಲಾದರೆ ಅದರ ಗುಣವೂ ಬದಲಾಗುತ್ತದೆ.

ಇಷ್ಟನ್ನು ತಿಳಿದು ನಮಗೇನು ಪ್ರಯೋಜನ? ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಮೊದಲನೆಯದು, ಕಣ್ಣಿನ ಲೆಕ್ಕ ಮತ್ತು ಯಂತ್ರದ ಲೆಕ್ಕ ಬೇರೆ. ಪತ್ರಿಕೆಯಲ್ಲಿ ಬರುವ ಪಿ.ಎಂ. 2.5 ಎಂಬುದು ಎರಡೂವರೆ ಮೈಕ್ರಾನಿನವರೆಗಿನ ಕಣಗಳ ತೂಕ. ಯಂತ್ರಗಳು ಸಾಮಾನ್ಯವಾಗಿ ಕಣದ ನೀರನ್ನು ಬಹುಮಟ್ಟಿಗೆ ಆರಿಸಿ ತೂಗುತ್ತವೆ. ಕಣ್ಣು ನೀರನ್ನೂ ಸೇರಿಸಿ ನೋಡುತ್ತದೆ. ಆದುದರಿಂದ ತೇವದ ನಸುಕಿನಲ್ಲಿ ಅಂಕಿ ಹೇಳುವುದಕ್ಕಿಂತ ಮಬ್ಬು ಹೆಚ್ಚಾಗಿ ಕಾಣಬಹುದು. ಒಣ ಮಧ್ಯಾಹ್ನ ಇದಕ್ಕೆ ವಿಪರೀತ: ನೀರು ಆರಿ ಕಣ ಕುಗ್ಗಿ ಗುಡ್ಡ ಕಂಡಿತೆಂದರೆ ಗಾಳಿ ಅಷ್ಟೇ ಶುದ್ಧವಾಯಿತೆಂದಲ್ಲ. ನಮ್ಮ ದೇಶದ ಮಾನದಂಡ ದಿನವೊಂದಕ್ಕೆ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನೋಟ ತಿಳಿಯಾಗಿದ್ದರೂ ಒಮ್ಮೆ ಅಂಕಿಯನ್ನು ನೋಡಿಕೊಳ್ಳಿರಿ.

ಎರಡನೆಯದು ವಾಯುಸೇವನೆಗೆ ಹೋಗುವ ಹಿರಿಯರಿಗೆ. ಐದು ಗಂಟೆಯ ತಂಪು ಮಂಜು ಶುದ್ಧ ಗಾಳಿಯೆಂದು ಹಿಂದಿನಿಂದ ಬಂದ ನಂಬಿಕೆ. ಊರಿನಲ್ಲಿ ಅದು ಸರಿಯೇ ಇದ್ದೀತು. ಇಲ್ಲಿ ಚಳಿಗಾಲದ ನಸುಕು ಮುಚ್ಚಳ ಹಾಕಿದ ಹೊತ್ತು. ಬಿಸಿಲೇರಿ ನೆಲ ಬೆಚ್ಚಗಾಗಿ ಗಾಳಿ ಆಡತೊಡಗಿದ ಮೇಲೆ ಹೊರಡುವುದು ಲೇಸು; ದಮ್ಮು, ಎದೆನೋವು ಇದ್ದವರಿಗಂತೂ ಇದು ಅಗತ್ಯ.

ಮೂರನೆಯದು, ಮುಖಕ್ಕೆ ಕಟ್ಟುವ ಬಟ್ಟೆ. ಗಿರಣಿಯ ಹತ್ತಿಯ ನವಿರಿಗೆ, ದಾರಿಯ ಧೂಳಿಗೆ ಕರವಸ್ತ್ರ ಅಷ್ಟಿಷ್ಟು ತಡೆ. ಅರ್ಧ ಮೈಕ್ರಾನಿನ ಕಣಕ್ಕೆ ಅದರ ನೇಯ್ಗೆಯ ಸಂದು ಹೆಬ್ಬಾಗಿಲು. ಎನ್-95 ಎಂಬ ಮುಖಗವಸನ್ನು ಮೈಕ್ರಾನಿನ ಹತ್ತರಲ್ಲಿ ಮೂರು ಪಾಲಿನ ಕಣದಿಂದಲೇ ಪರೀಕ್ಷಿಸುತ್ತಾರೆ, ಏಕೆಂದರೆ ಹಿಡಿಯಲು ಅತಿ ಕಷ್ಟವಾದ ಗಾತ್ರ ಹೆಚ್ಚುಕಡಿಮೆ ಅದೇ. ಕಟ್ಟಿಕೊಳ್ಳುವುದಾದರೆ ಅದನ್ನು ಸಂದಿಲ್ಲದಂತೆ ಕಟ್ಟಿಕೊಳ್ಳಬೇಕು.

ನಾಲ್ಕನೆಯದು ದೊಡ್ಡ ಮಾತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕಲ್ಲಿದ್ದಲಿನ ಗಂಧಕ ತುಂಬಿದ ಮಬ್ಬು ಕವಿದು ಕುಳಿತಿತು. ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ಹನ್ನೆರಡು ಸಾವಿರದವರೆಗೆ ಇದ್ದಿರಬೇಕೆಂದು ಮುಂದಿನ ಅಧ್ಯಯನ ಹೇಳಿತು. ಲಂಡನ್ನಿನವರೂ ಅದನ್ನು ತಮ್ಮ ಊರಿನ ಹುಟ್ಟುಗುಣ, ಚಳಿಗಾಲದ ಮಂಜು ಎಂದೇ ತಲೆಮಾರುಗಳಿಂದ ಸಹಿಸಿದ್ದರು. 1956ರಲ್ಲಿ ಕಾನೂನು ಬಂತು. ಮನೆ ಮನೆಯ ಕಲ್ಲಿದ್ದಲಿನ ಒಲೆ ಕ್ರಮೇಣ ನಿಂತಿತು. ಅಂಥ ಮಬ್ಬು ಅಲ್ಲಿ ಇಂದು ಇಲ್ಲ. ಲಂಡನ್ನಿನ ಹವೆ ಬದಲಾಗಲಿಲ್ಲ, ಚಳಿ ತೇವ ಹಿಂದಿನಂತೆಯೇ ಇವೆ. ಕಣದ ಪದಾರ್ಥವನ್ನು ಅವರು ತಡೆದರು, ಅಷ್ಟೆ. ಮಂಜೆಂದು ಕೈ ಚೆಲ್ಲಿದರೆ ಮಾಡುವುದಕ್ಕೆ ಏನೂ ಇಲ್ಲ. ಸಲ್ಫೇಟು, ನೈಟ್ರೇಟು, ಕ್ಲೋರೈಡು, ಮಸಿ ಎಂದು ಹೆಸರು ಹಿಡಿದು ಕೇಳಿದರೆ ಒಂದೊಂದಕ್ಕೂ ಒಂದು ಒಲೆ, ಒಂದು ಹೊಗೆಕೊಳವೆ, ಒಂದು ಕಸದ ಗುಪ್ಪೆ ಸಿಕ್ಕುತ್ತದೆ. ಅರ್ಜಿ ಬರೆಯುವುದಕ್ಕೂ ವಿಳಾಸ ಸಿಕ್ಕುತ್ತದೆ. ನಮ್ಮ ಚಾಳು, ನಮ್ಮ ಸೊಸೈಟಿಗಳ ಹಿಂದೆ ಒಣ ಎಲೆ, ಪ್ಲಾಸ್ಟಿಕ್ ಚೀಲ ಗುಡಿಸಿ ಬೆಂಕಿಯಿಡುವುದನ್ನು ನಿಲ್ಲಿಸಲು ಕಾನೂನಿಗೂ ಕಾಯಬೇಕಾಗಿಲ್ಲ. ಗುಡಿಸುವ ತಮ್ಮನನ್ನು ಬೈಯದೆ, ಕಸ ಒಯ್ಯುವ ಏರ್ಪಾಡು ನಾವು ಮಾಡಿಕೊಟ್ಟರೆ ಅವನೂ ಬೆಂಕಿಯಿಡುವುದಿಲ್ಲ.

ಕೊನೆಗೆ ವಾಚನಾಲಯದ ಪರವಾಗಿ ಒಂದು ವಿನಂತಿ. ಬರುವ ತಿಂಗಳಿನಿಂದ ಮೇಜಿನ ಮೇಲೆ ಒಂದು ನೋಟದ ವಹಿಯನ್ನು ಇಡುತ್ತೇವೆ. ತಮ್ಮ ಮನೆಯ ಗಚ್ಚಿಯಿಂದ ಕಾಣುವ ಮೂರು ಗುರುತುಗಳನ್ನು ಆರಿಸಿಕೊಳ್ಳಿರಿ: ಹತ್ತಿರದ ಒಂದು ನೀರಿನ ಟಾಕಿ, ನಡುದೂರದ ಒಂದು ಗೋಪುರ, ದೂರದ ಒಂದು ಗುಡ್ಡ. ಬೆಳಗಿನ ಎಂಟು ಗಂಟೆಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಯಾವುದು ಕಂಡಿತು, ಯಾವುದು ಕಾಣಲಿಲ್ಲ, ಬಣ್ಣ ಬಿಳಿಯೋ ಕಂದೋ ಬರೆಯಿರಿ. ಆ ದಿನದ ಆರ್ದ್ರತೆ ಮತ್ತು ಪಿ.ಎಂ. 2.5 ಅಂಕಿಗಳನ್ನು ಪಕ್ಕದಲ್ಲಿ ನಾವು ತುಂಬುತ್ತೇವೆ. ದಫ್ತರ ಬರೆಯುವುದು ನಮಗೆ ಬರುವ ಕೆಲಸ. ಶಾಲೆಯ ಮಕ್ಕಳು ಈ ಕೆಲಸಕ್ಕೆ ಮುಂದೆ ಬಂದರೆ ಇನ್ನೂ ಸಂತೋಷ. ಶಿವರಾತ್ರಿಯ ಹೊತ್ತಿಗೆ ವಹಿಯನ್ನು ಎದುರಿಗಿಟ್ಟುಕೊಂಡು, ಮೇಜಿನ ಸುತ್ತಿನ ಆ ಮೂವರನ್ನೂ ಕೂಡಿಸಿ ಚರ್ಚೆಯನ್ನು ಮುಂದುವರಿಸೋಣ.